ಇದು ಹೊಸ ಪ್ರಯೋಗ ಅಲ್ಲ, ಮನೆಯ ಹಾಡು

ಕಿಂಗ್ ಸ್ಟಿಂಗ್‌ರೇ ಎಂಬ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಬಗ್ಗೆ ಲೇಖನ ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೆ ಅವರು ಇಂಗ್ಲಿಷ್ ಜೊತೆ ಅಲ್ಲಿನ ಮೂಲನಿವಾಸಿ ಯೋಲ್ಙು ಜನರ ಭಾಷೆ ಯೋಲ್ಙು ಮಾತಾ ಸೇರಿಸಿ ಹಾಡುವುದನ್ನು 'ಹೊಸ ಪ್ರಯೋಗ' ಎಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನೆಮ್ ಲ್ಯಾಂಡ್‌ನ ಇದೇ ಯೋಲ್ಙು ಜನ 1991ರಲ್ಲೇ ಯೋಥು ಯಿಂಡಿ ಬ್ಯಾಂಡ್ ಮೂಲಕ ಎರಡೂ ಭಾಷೆಯಲ್ಲಿ ಹಾಡಿ ಇಡೀ ದೇಶವನ್ನು ಕುಣಿಸಿದ್ದರು. ಕಿಂಗ್ ಸ್ಟಿಂಗ್‌ರೇಯ ಗಾಯಕ ಯಿರ್‌ಙಾ ಯುನುಪಿಂಗು ಆ ಬ್ಯಾಂಡಿನ ಮುಖ್ಯ ಗಾಯಕರ ಸಂಬಂಧಿ, ಗಿಟಾರ್ ನುಡಿಸುವ ರಾಯ್ ಕೆಲ್ಲವೇ ಅದರ ಬೇಸ್ ವಾದಕರ ಮಗ. ಮನೆಯಲ್ಲೇ ಇದ್ದ ಹಾಡು, ಅಲ್ವಾ?

ಹೆಡ್‌ಫೋನ್ ಹಾಕಿಕೊಂಡು ಕಿಂಗ್ ಸ್ಟಿಂಗ್‌ರೇ ಹಾಡನ್ನು ಒಮ್ಮೆ ಕೇಳಿ. ಗಿಟಾರ್ ಅಬ್ಬರದ ನಡುವೆ ಟಕ್ ಟಕ್ ಅಂತ ಮರದ ಕೋಲುಗಳ ಸದ್ದು ಬರುತ್ತದೆ, ಅದು ಬಿಲ್ಮಾ. ಕೆಳಗೆ ಗುಂಯ್ ಅನ್ನುವುದು ಯಿಡಕಿ, ಅಂದರೆ ಮರದ ಉದ್ದನೆಯ ಊದುವಾದ್ಯ. ಊದುವವರು ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಾರೆ, ಅದಕ್ಕೇ ಆ ನಾದ ಎಲ್ಲೂ ಕಡಿಯುವುದಿಲ್ಲ. ಯೋಲ್ಙು ಜನರಲ್ಲಿ ತಲೆಮಾರುಗಳಿಂದ ಬಂದ ಮಣಿಕಾಯ್ ಎಂಬ ಸಾಂಪ್ರದಾಯಿಕ ಹಾಡುಗಳ ವಾದ್ಯಗಳಿವು.

'ಅರ್ಥ ಆಗದ ಭಾಷೆ ಯಾಕೆ ಕೇಳಬೇಕು' ಅಂತ ನಿಮ್ಮ ಲೇಖನಕ್ಕೆ ಬಂದ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ. ಸರ್, ಮಾತಾ ಅಂದರೆ ಅವರಲ್ಲಿ ನಾಲಿಗೆ. ನಮ್ಮ 'ಮಾತು' ಜೊತೆ ನಂಟೇನೂ ಇಲ್ಲ, ಆದರೂ ಕೇಳಿದಾಗ ಖುಷಿಯಾಯಿತು. ನಾವು ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿ ಬಿಟ್ಟ 'ಙ' ಅಕ್ಷರ ಅವರ ಹಾಡಲ್ಲಿ ಪದೇ ಪದೇ ಬರುತ್ತದೆ. ಕಿಂಗ್ ಸ್ಟಿಂಗ್‌ರೇಯ 2022ರ ಮೊದಲ ಆಲ್ಬಮ್‌ನಿಂದ ಶುರು ಮಾಡಿ, ಜೋರಾಗಿಯೇ ಹಾಕಿ.