ಡೇರೆ ಬಿಚ್ಚಿದ ಮೇಲಿನ ಆಟ

ನಮ್ಮ ಕಡೆ ಆಟ ಅಂದರೆ ಮೊದಲು ಯಕ್ಷಗಾನ, ಆಮೇಲೆ ಉಳಿದದ್ದು. ಅದರಲ್ಲಿಯೂ ಎರಡು ಲೆಕ್ಕ ಉಂಟು. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳದ ಆಟಕ್ಕೆ ಟಿಕೆಟ್. ಕಟೀಲು, ಮಂದಾರ್ತಿ ಮೇಳದ ಬಯಲಾಟಕ್ಕೆ ಟಿಕೆಟ್ ಇಲ್ಲ. ಹರಕೆ ಹೊತ್ತವರು ಆಡಿಸ್ತಾರೆ, ಊರಿಗೆ ಊರೇ ಬಂದು ಪುಕ್ಕಟೆ ನೋಡ್ತದೆ. ಪುಕ್ಕಟೆ ನೋಡಿದ ಆಟಕ್ಕೂ ಖರ್ಚು ಉಂಟು, ಕೊಟ್ಟವರು ಬೇರೆ ಅಷ್ಟೆ. ತಿಂಗಳ ಸಬ್‌ಸ್ಕ್ರಿಪ್ಷನ್ (ಚಂದಾ, ಆಡುವವರ ಬಾಯಲ್ಲಿ 'ಸಬ್') ಇದ್ದ ಆನ್‌ಲೈನ್ ಗೇಮ್ ಒಂದು ದಿನ ಎದ್ದು "ಇನ್ನು ಮೇಲೆ ಫ್ರೀ" ಅಂದಾಗ ಆಗುವುದೂ ಅದೇ. ಡೇರೆ ಬಿಚ್ಚಿ ಬಯಲಿಗೆ ಬಂದರು.

ಆ ಸುದ್ದಿ ಬಂದ ದಿನದ ಜಗಳ ಯಾವ ಗೇಮಾದರೂ ಒಂದೇ ನಮೂನೆ. "ಇಷ್ಟು ವರ್ಷ ದುಡ್ಡು ಕಟ್ಟಿದ ನಾವು ಮಂಗ ಆದೆವಾ?" ಅಂತ ಹಳಬರು. "ಅಂತೂ ಬಂತು ಮಾರಾಯ್ರೆ" ಅಂತ ಹೊಸಬರು. ಇನ್ನು ಕೆಲವರು "ಗೇಮ್ ಸತ್ತಿತು" ಅಂತ ಬೊಜ್ಜದ ಊಟಕ್ಕೇ ಕೂತು ಬಿಡ್ತಾರೆ. ನನ್ನ ಪ್ರಕಾರ ಹಳಬರ ಸಿಟ್ಟಿನಲ್ಲಿ ನ್ಯಾಯ ಉಂಟು, ಆದರೆ ಅವರು ಹೇಳುವ ಕಾರಣಕ್ಕಲ್ಲ. ಕಟ್ಟಿದ ದುಡ್ಡಿಗೆ ಆಡಿ ಆಗಿದೆ, ಅದರಲ್ಲಿ ನಷ್ಟ ಇಲ್ಲ. ಸಬ್‌ನಿಂದ ಅವರಿಗೆ ಸಿಕ್ಕಿದ್ದ ಇನ್ನೊಂದು ವಸ್ತು ಹೋಯಿತು: ಎಲ್ಲರಿಗೂ ಒಂದೇ ದರ. ದುಬೈಯಲ್ಲಿ ಕೆಲಸದಲ್ಲಿರುವ ಗಿಲ್ಡ್ (ಆಟಗಾರರ ತಂಡ) ಲೀಡರಿಗೂ ಸುರತ್ಕಲ್ ಹಾಸ್ಟೆಲಿನ ಹುಡುಗನಿಗೂ ತಿಂಗಳಿಗೆ ಅದೇ 14.99 ಡಾಲರ್. ಜಾಸ್ತಿ ಕೊಡ್ತೇನೆ ಅಂದರೂ ಕಂಪೆನಿಗೆ ತೆಗೆದುಕೊಳ್ಳಲು ಹೆಚ್ಚು ದಾರಿ ಇರಲಿಲ್ಲ. ಸಬ್ ಹೋದ ದಿನ ಕನಿಷ್ಠ ದರ ಸೊನ್ನೆ ಆಯಿತು ಅಂತ ಎಲ್ಲರೂ ನೋಡ್ತಾರೆ. ಗರಿಷ್ಠ ದರವೂ ಅದೇ ದಿನ ಹೋಯಿತು ಅಂತ ನೋಡುವವರು ಕಡಿಮೆ.

ಉದಾಹರಣೆಗೆ ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್. 2011ರ ಡಿಸೆಂಬರ್ 20ಕ್ಕೆ ಶುರು, ಕೆಲವೇ ವಾರಗಳಲ್ಲಿ 17 ಲಕ್ಷ ಸಬ್‌ಸ್ಕ್ರೈಬರ್ಸ್. ಮುಂದಿನ ಜುಲೈಗೆ 10 ಲಕ್ಷಕ್ಕಿಂತ ಕೆಳಗೆ. ಕಥೆ ಮುಗಿಸಿ ಆಗಿನ ಕೊನೆಯ ಲೆವೆಲ್ 50 ಮುಟ್ಟಿದವರಿಗೆ ಮಾಡಲು ಎಂತದೂ ಇರಲಿಲ್ಲ. ನವೆಂಬರ್ 15, 2012ಕ್ಕೆ ಫ್ರೀ ಮಾಡಿದರು. ಅದರ ಜೊತೆಗೆ ಬಂದ ನಿರ್ಬಂಧದ ಪಟ್ಟಿ ನೋಡಿಯೇ ಜನ ಹೌಹಾರಿದ್ದು.

ಫ್ರೀ ಅಕೌಂಟಿಗೆ ಎರಡೇ ಕ್ವಿಕ್‌ಬಾರ್, ಅಂದರೆ ಪಾತ್ರದ ವಿದ್ಯೆಗಳ ಬಟನ್ ಇಡುವ ಪಟ್ಟಿ. ಒಂದು ಬಾರ್‌ನಲ್ಲಿ 12 ಜಾಗ, ಎರಡಕ್ಕೆ 24. ಲೆವೆಲ್ ಏರಿದ ಪಾತ್ರಕ್ಕೆ ಅದಕ್ಕಿಂತ ಹೆಚ್ಚು ಬಟನ್ ಬೇಕು. ಅಂದರೆ ನಿಮ್ಮ ಪಾತ್ರಕ್ಕೆ ವಿದ್ಯೆ ಬರ್ತದೆ, ಬೆರಳಿಡಲು ಜಾಗ ಇಲ್ಲ. ಕೈಯಲ್ಲಿ ಇಟ್ಟುಕೊಳ್ಳುವ ಕ್ರೆಡಿಟ್‌ಗೆ (ಆಟದ ದುಡ್ಡಿಗೆ) 2 ಲಕ್ಷದ ಮಿತಿ. ಮೊದಲು ಸಬ್ ಇದ್ದು ಬಿಟ್ಟವರಿಗೆ 'ಪ್ರಿಫರ್ಡ್' ಅಂತ ಹೆಸರು, ಅವರಿಗೆ 3.5 ಲಕ್ಷ. ಮಿತಿ ಮೀರಿದ್ದು ಎಸ್ಕ್ರೋ ಅಂತ ಒಂದು ತಿಜೋರಿಗೆ ಹೋಗಿ ಕೂರ್ತದೆ. ನಿಮ್ಮದೇ ದುಡ್ಡು, ಕಣ್ಣಿಗೆ ಕಾಣ್ತದೆ, ತೆಗೆಯಬೇಕಾದರೆ ಪರ್ಮಿಟ್ ಕೊಳ್ಳಬೇಕು, ಇಲ್ಲ ಪುನಃ ಸಬ್ ಹಾಕಬೇಕು. ನೇರಳೆ ಬಣ್ಣದ ಮೇಲ್ದರ್ಜೆಯ ಕವಚ ತೊಡಲೂ ಪ್ರತ್ಯೇಕ ಲೈಸೆನ್ಸ್. ಹೆಲ್ಮೆಟ್ ಮರೆಮಾಡಿ ಮುಖ ತೋರಿಸಲೂ ದುಡ್ಡು, ನೋಡಿ! ಗಲಾಟೆ ಎಷ್ಟಾಯಿತೆಂದರೆ ಫ್ರೀ ಅಕೌಂಟಿನ ಕ್ವಿಕ್‌ಬಾರ್ ಅನ್ನು ಎರಡರಿಂದ ನಾಲ್ಕಕ್ಕೆ, ಪ್ರಿಫರ್ಡ್‌ನವರದ್ದನ್ನು ನಾಲ್ಕರಿಂದ ಆರಕ್ಕೆ ಏರಿಸಬೇಕಾಯಿತು. ಕ್ರೆಡಿಟ್ ಮಿತಿ 10 ಲಕ್ಷ ಆದದ್ದು ಬಹಳ ತಡವಾಗಿ. ಆದ್ದರಿಂದ, ಆಟಗಾರರು ಬೊಬ್ಬೆ ಹೊಡೆದರೆ ಏನೂ ಆಗುವುದಿಲ್ಲ ಅನ್ನುವ ಮಾತು ಸುಳ್ಳು. ನಿರ್ದಿಷ್ಟವಾಗಿ ಹೊಡೆಯಬೇಕು. "ಲೂಟಿ, ಲೂಟಿ" ಅಂದರೆ ಯಾರೂ ಕೇಳುವುದಿಲ್ಲ; "24 ಜಾಗದಲ್ಲಿ ನನ್ನ ಹೀಲರ್ ಆಡಲು ಬರುವುದಿಲ್ಲ" ಅಂದರೆ ಕೇಳ್ತಾರೆ.

ಇದಕ್ಕಿಂತ ನಾಜೂಕಿನ ಕೆಲಸ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನವರದ್ದು. 2014ರ ಏಪ್ರಿಲ್ 4ಕ್ಕೆ ಸಬ್ ಕಡ್ಡಾಯ ಮಾಡಿ ಶುರುಮಾಡಿದರು, 2015ರ ಮಾರ್ಚ್ 17ಕ್ಕೆ ಕಡ್ಡಾಯ ತೆಗೆದರು. ಜೂನ್‌ನಲ್ಲಿ ಕನ್ಸೋಲ್‌ಗೆ ಬರುವುದಿತ್ತು, ಅದಕ್ಕೇ ಮಾಡಿದ್ದು ಅಂತ ಆಗ ಹಲವರ ಗುಮಾನಿ. ಗೇಮ್ ಒಮ್ಮೆ ಕೊಂಡರೆ ಸಾಕು. ಬೇಕಾದವರಿಗೆ ಅದೇ ದರದಲ್ಲಿ ಇಎಸ್‌ಒ ಪ್ಲಸ್ ಅಂತ ಸಬ್. ಯುದ್ಧದಲ್ಲಿ ಅದರಿಂದ ಏನೂ ಲಾಭ ಇಲ್ಲ, ಎಲ್ಲ ಸರಿ. ಆದರೆ ಹೊಸ ಪಾತ್ರದ ಚೀಲದಲ್ಲಿ 60 ಜಾಗ. ಅಡುಗೆಯ ಸಾಮಾನು, ಮರ, ಅದಿರು, ಬಟ್ಟೆ, ಮದ್ದಿನ ಸೊಪ್ಪು, ರೂನ್ ಕಲ್ಲು ಎಲ್ಲ ಬೇರೆ ಬೇರೆ ಜಾಗ ಹಿಡೀತವೆ. ಎರಡು ಗುಹೆ ಹೊಕ್ಕು ಬರುವಷ್ಟರಲ್ಲಿ ಚೀಲ ಭರ್ತಿ. 2016ರಲ್ಲಿ ಕ್ರಾಫ್ಟ್ ಬ್ಯಾಗ್ ಅಂತ ತಂದರು: ಎಲ್ಲ ಕಚ್ಚಾ ಸಾಮಾನು ತಾನಾಗಿ ಒಳಗೆ, ಮಿತಿಯೇ ಇಲ್ಲ, ಆದರೆ ಪ್ಲಸ್ ಇದ್ದವರಿಗೆ ಮಾತ್ರ. ಪ್ಲಸ್ ನಿಲ್ಲಿಸಿದರೆ ಒಳಗಿದ್ದದ್ದು ತೆಗೆಯಲು ಬರ್ತದೆ, ಹೊಸತು ಹಾಕಲು ಬರುವುದಿಲ್ಲ. ಸಬ್ ಎಲ್ಲಿಗೂ ಹೋಗಲಿಲ್ಲ, ಚೀಲದೊಳಗೆ ಹೊಕ್ಕು ಕೂತಿತು. ನನಗೆ ಇದರಲ್ಲಿ ತಕರಾರು ಕಡಿಮೆ. ಆಟದಲ್ಲಿ ಮುಂದೆ ಹೋಗುವ ಹಕ್ಕು ಮಾರಿಲ್ಲ, ಸೊಂಟನೋವಿಗೆ ಎಣ್ಣೆ ಮಾರಿದ್ದಾರೆ. ಸೊಂಟನೋವು ತಂದವರೂ ಅವರೇ, ಅದು ಬೇರೆ ಮಾತು.

ಅದೇ ವರ್ಷದ ಕೊನೆಗೆ ಕ್ರೌನ್ ಕ್ರೇಟ್ ಬಂತಲ್ಲ, ಅದು ನನಗೆ ಸಹ್ಯ ಇಲ್ಲ. ದುಡ್ಡು ಕೊಟ್ಟು ಡಬ್ಬಿ ಒಡೆಯುವುದು, ಒಳಗೆ ಎಂತ ಉಂಟೋ ಅದೃಷ್ಟ. ಜಾತ್ರೆಯ ಚಕ್ರ ತಿರುಗಿಸುವ ಅಂಗಡಿಗೂ ಇದಕ್ಕೂ ಯಾವ ವ್ಯತ್ಯಾಸ? ಬೆಲ್ಜಿಯಂನ ಜೂಜು ನಿಯಂತ್ರಕರು 2018ರಲ್ಲಿ ಕೆಲವು ದೊಡ್ಡ ಗೇಮ್‌ಗಳ ಲೂಟ್ ಬಾಕ್ಸ್ (ಇಂಥದೇ ಅದೃಷ್ಟದ ಡಬ್ಬಿ) ಜೂಜೇ ಅಂತ ಹೇಳಿದ್ದು ಸುಮ್ಮನೆ ಅಲ್ಲ.

ಬಯಲಾಟದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರ್ತದೆ. ಹರಕೆ ಆಡಿಸುವವರಿಗೆ ಎದುರಿನ ಸಾಲಲ್ಲಿ ಕುರ್ಚಿ, ಪ್ರಸಾದ, ಮೈಕಿನಲ್ಲಿ ಹೆಸರು. ಎಷ್ಟು ಲಕ್ಷ ಖರ್ಚಾದರೂ ರಂಗಸ್ಥಳಕ್ಕೆ ಹತ್ತಿ ಮಹಿಷಾಸುರನಿಗೆ ತಾನೇ ಎರಡು ಏಟು ಬಿಗಿಯುವ ಹಾಗಿಲ್ಲ. ಗೇಮ್‌ನಲ್ಲಿಯೂ ಹೆಚ್ಚು ಕೊಡುವವರಿಗೆ ಚಂದದ ಕುದುರೆ ಇರಲಿ, ಮಿಂಚುವ ಕತ್ತಿ ಇರಲಿ, ದೊಡ್ಡ ಮನೆ ಇರಲಿ. ರಂಗಸ್ಥಳ ಮಾರಿದರೆ ಮಾತ್ರ ಪುಕ್ಕಟೆ ಕೂತವರು ಎದ್ದು ಹೋಗ್ತಾರೆ, ಆಮೇಲೆ ಆಡಿಸಿದವರಿಗೂ ನೋಡುವವರಿಲ್ಲ.

ರಂಗಸ್ಥಳ ಮಾರಿದ್ದಾರಾ ಇಲ್ಲವಾ ಅಂತ ನೋಡಲು ಜಾಹೀರಾತು ಓದಬೇಡಿ. ಬದಲಾವಣೆಯ ಜೊತೆ ಸಾಮಾನ್ಯವಾಗಿ ಒಂದು ಹೋಲಿಕೆಯ ಕೋಷ್ಟಕ ಹಾಕ್ತಾರೆ. ಫ್ರೀ, ಹಳೇ ಸಬ್, ಸಬ್ ಅಂತ ಕಾಲಂ. ಅದನ್ನು ಕೆಳಗಿನಿಂದ ಮೇಲೆ ಓದಿ, ಮುಜುಗರದ ಸಾಲೆಲ್ಲ ಕೆಳಗೇ ಇರುವುದು. ಚೀಲದ ಜಾಗ ಎಷ್ಟು, ಆಟದ ದುಡ್ಡಿಗೆ ಮಿತಿ ಉಂಟಾ, ಹರಾಜುಕಟ್ಟೆಯಲ್ಲಿ ಒಮ್ಮೆಗೆ ಎಷ್ಟು ಸಾಮಾನು ಇಡಬಹುದು, ವಾರಕ್ಕೆ ಎಷ್ಟು ಡಂಜನ್ (ಗುಂಪಾಗಿ ಹೊಕ್ಕು ಆಡುವ ಗುಹೆ). ಆಮೇಲೆ ಅಂಗಡಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿ: ಸಾಮಾನಿನ ಬೆಲೆ 1,200 ಕಾಯಿನ್, ಪ್ಯಾಕ್ ಸಿಗುವುದು 750 ಅಥವಾ 1,500 ಅಂತ ಇದ್ದರೆ ಆ ಉಳಿಯುವ 300ಕ್ಕೆ ಕೆಲಸ ಉಂಟು, ಅದೇ ನಿಮ್ಮನ್ನು ಮುಂದಿನ ಪ್ಯಾಕಿಗೆ ಎಳೆಯುವುದು.

ಎಲ್ಲ ನಿರ್ಬಂಧವೂ ದುರಾಸೆ ಅಲ್ಲ ಅಂತಲೂ ಹೇಳಬೇಕು. ಸಬ್ ಇದ್ದಾಗ ಒಂದು ಬಾಟ್ ಅಕೌಂಟ್ (ಮನುಷ್ಯರ ಬದಲು ಪ್ರೋಗ್ರಾಂ ಆಡುವುದು) ಬ್ಯಾನ್ ಆದರೆ ಆಟದ ಗೋಲ್ಡನ್ನು ನಿಜವಾದ ದುಡ್ಡಿಗೆ ಮಾರುವವನಿಗೆ ಗೇಮಿನ ಬೆಲೆ, ತಿಂಗಳ ಬಾಡಿಗೆ ಎರಡೂ ನಷ್ಟ. ಫ್ರೀ ಆದ ಮೇಲೆ ನಷ್ಟ ಒಂದು ಇಮೇಲ್ ಐಡಿ. ಹಾಗಾಗಿ ಫ್ರೀ ಅಕೌಂಟಿಗೆ ಮೇಲ್ ಕಳಿಸಲು, ಚಾಟ್ ಮಾಡಲು, ಮಾರಲು ಕಡಿವಾಣ ಹಾಕದಿದ್ದರೆ ಎರಡೇ ವಾರದಲ್ಲಿ ಚಾಟ್ ತುಂಬ ಗೋಲ್ಡ್ ಅಂಗಡಿಗಳ ಕೂಗು. ಮಾರುಕಟ್ಟೆಯೂ ಅಲ್ಲಾಡ್ತದೆ: ಹೊಸಬರು ನುಗ್ಗಿದ ಮೊದಲ ದಿನಗಳಲ್ಲಿ ಕೆಳ ಲೆವೆಲಿನ ಸಾಮಾನಿಗೆ ಬೇಡಿಕೆ ಏರ್ತದೆ, ಬಾಟ್‌ಗಳು ಅಗೆಯಲು ಶುರುಮಾಡಿದ ಮೇಲೆ ಅದೇ ಸಾಮಾನು ಮಣ್ಣಿನ ಬೆಲೆಗೆ ಬರ್ತದೆ. ಗೋಡೌನಿನಲ್ಲಿ ತಾಮ್ರದ ಅದಿರು ರಾಶಿ ಇದ್ದವರು ಮೊದಲ ವಾರವೇ ಮಾರುವುದು ಬುದ್ಧಿ.

ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್ ಈ ವಿಷಯದಲ್ಲಿ ಹಳೇ ಪಾಠ. 2007ರಲ್ಲಿ ಶುರುವಾದಾಗ 199 ಡಾಲರಿಗೆ ಜೀವಮಾನದ ಸಬ್ ಮಾರಿದ್ದರು. 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಫ್ರೀ ಮಾಡಿದಾಗ ಆ ಜನರ ಹೊಟ್ಟೆ ಉರಿಯಬೇಕಿತ್ತು. ಆದರೆ ಅವರಿಗೆ ವಿಐಪಿ ದರ್ಜೆ ಉಳಿಸಿ ತಿಂಗಳಿಗೆ 500 ಸ್ಟೋರ್ ಪಾಯಿಂಟ್ ಕೊಟ್ಟರು. ಹೊಸಬರಿಗೂ ಆಡಿಯೇ ಪಾಯಿಂಟ್ ಗಳಿಸುವ ದಾರಿ ಇಟ್ಟರು, ಡೀಡ್ (ಆಟದೊಳಗಿನ ಸಣ್ಣ ಗುರಿ) ಒಂದು ಮುಗಿದರೆ 5 ಅಥವಾ 10. ಇದೇ ಕಂಪೆನಿ 2009ರಲ್ಲಿ ಡಂಜನ್ಸ್ ಆಂಡ್ ಡ್ರಾಗನ್ಸ್ ಆನ್‌ಲೈನ್ ಮೇಲೆ ಪ್ರಯೋಗ ಮಾಡಿ ಕಲಿತಿತ್ತು. ಎಡವಟ್ಟು ಇಲ್ಲವೆಂದಲ್ಲ: ಪಾಯಿಂಟಿಗಾಗಿ ಪಾತ್ರ ಮಾಡುವುದು, ಶುರುವಿನ ಡೀಡ್ ಮುಗಿಸುವುದು, ಡಿಲೀಟ್ ಮಾಡುವುದು, ಪುನಃ ಮಾಡುವುದು, ಅದೇ ಒಂದು ಉದ್ಯೋಗ ಆಗಿತ್ತು. ಆದರೂ ದುಡ್ಡಿಲ್ಲದವನಿಗೆ ಬೆವರಿನ ದಾರಿ ಇಟ್ಟದ್ದು ಮರ್ಯಾದೆಯ ಕೆಲಸ.

ಈವ್ ಆನ್‌ಲೈನ್ ಸಬ್ ಪೂರ್ತಿ ಬಿಡಲೇ ಇಲ್ಲ. 2016ರ ನವೆಂಬರ್‌ನಲ್ಲಿ ಆಲ್ಫಾ ಅಂತ ಫ್ರೀ ದರ್ಜೆ ತಂದು, ಕಲಿಯುವ ಸ್ಕಿಲ್‌ಗೆ ಮಿತಿ ಹಾಕಿದರು, ಒಂದೇ ಸಲಕ್ಕೆ ಎರಡು ಅಕೌಂಟ್ ತೆರೆಯುವುದಕ್ಕೂ ತಡೆ. ಆಟದೊಳಗೆ ಸಂಪಾದಿಸಿದ ದುಡ್ಡಿನಿಂದ ಪ್ಲೆಕ್ಸ್ ಅನ್ನುವ, ಸಬ್‌ಗೆ ಬದಲಿಸಬಹುದಾದ ವಸ್ತು ಕೊಂಡು ಸಬ್ ಮಾಡಿಕೊಳ್ಳಬಹುದು. ಆದರೆ ಆ ಪ್ಲೆಕ್ಸ್ ಅನ್ನು ಮೊದಲು ಯಾರೋ ನಿಜವಾದ ದುಡ್ಡಿಗೆ ಕೊಂಡಿರಬೇಕು, ಪುನಃ ಹರಕೆಯಾಟವೇ. ಇನ್ನು ವೈಲ್ಡ್‌ಸ್ಟಾರ್: 2014ರ ಜೂನ್‌ನಲ್ಲಿ ಹುಟ್ಟು, 2015ರ ಸೆಪ್ಟೆಂಬರ್ 29ಕ್ಕೆ ಫ್ರೀ, ಮೊದಲ ದಿನಗಳಲ್ಲಿ ಒಳಗೆ ಹೋಗಲು ಕ್ಯೂ, 2018ರ ನವೆಂಬರ್ 28ಕ್ಕೆ ಸರ್ವರ್ ಬಂದ್. ಆಡುವವರಿಗೆ ಬೇಡವಾದ ಗೇಮನ್ನು ಟಿಕೆಟ್ ತೆಗೆದು ಬದುಕಿಸಲು ಆಗುವುದಿಲ್ಲ.

ನಮ್ಮಲ್ಲಿಯ ಕಥೆ ಸ್ವಲ್ಪ ಬೇರೆ. 14.99 ಡಾಲರ್, ಡಾಲರಿಗೆ 85 ಹಿಡಿದರೆ 1,274 ರೂಪಾಯಿ. ಕಾರ್ಡಿನ ಫಾರೆಕ್ಸ್ ಮಾರ್ಕಪ್ (ವಿದೇಶಿ ಪಾವತಿಗೆ ಬ್ಯಾಂಕ್ ಸೇರಿಸುವ ಶುಲ್ಕ) ಶೇ. 3.5 ಇದ್ದರೆ 45 ರೂಪಾಯಿ, ಆ 45ರ ಮೇಲೆ ಜಿಎಸ್‌ಟಿ ಶೇ. 18. ಒಟ್ಟು 1,327, ವರ್ಷಕ್ಕೆ 16,000ದ ಹತ್ತಿರ. ಬೆಲೆ ಒಂದೇ ತೊಂದರೆ ಅಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂತು: ತಾನಾಗಿ ಕಡಿತ ಆಗುವ ಪಾವತಿಗೆ ಮೊದಲೇ ಒಪ್ಪಿಗೆ ನೋಂದಣಿ, ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ. ಮಿತಿ ಮೊದಲು 5,000, 2022ರ ಜೂನ್‌ನಿಂದ 15,000. ಅದರ ಒಳಗಾದರೆ ಪ್ರತಿ ಸಲ ಒಟಿಪಿ ಬೇಡ. ಗ್ರಾಹಕರಿಗೆ ಒಳ್ಳೆಯ ನಿಯಮವೇ. ಆದರೆ ಆ ವ್ಯವಸ್ಥೆಗೆ ಸೇರದ ವಿದೇಶಿ ಕಂಪೆನಿಯ ಕಡಿತ ಬ್ಯಾಂಕಿನಲ್ಲಿಯೇ ಬಿದ್ದು ಹೋಗ್ತದೆ. ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ಬಳಕೆ ಆನ್ ಮಾಡದಿದ್ದರೂ ಅಷ್ಟೇ. ಸಬ್ ಕಟ್ಟಲು ಮನಸ್ಸು, ಹಣ ಎರಡೂ ಇದ್ದವರು ಕಟ್ಟಲಾಗದೆ ಹೊರಗೆ ಉಳಿದದ್ದು ಇದರಿಂದ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಯುಪಿಐ ಮಾಡಿ ಒಮ್ಮೆಗೆ ಒಂದು ವಿಸ್ತರಣೆ ಕೊಂಡು ಸುಮ್ಮನೆ ಆಡುವುದು ಇಲ್ಲಿಯವರಿಗೆ ಎಷ್ಟೋ ಸಲೀಸು. ಹಾಗಾಗಿ ಅಮೆರಿಕದವರ ಹಾಗೆ ನಾವೂ "ಸಬ್ ಇದ್ದದ್ದೇ ಒಳ್ಳೆಯದಿತ್ತು" ಅಂತ ಅಳುವಾಗ ಒಮ್ಮೆ ಯೋಚಿಸಬೇಕು.

ನಡುವೆ ಒಂದು: 2025ರ ಆಗಸ್ಟಿನ ಆನ್‌ಲೈನ್ ಗೇಮಿಂಗ್ ಕಾಯ್ದೆಯಿಂದ ಇಂಥ ಗೇಮ್ ಕೂಡ ನಿಷೇಧ ಅಂತ ವಾಟ್ಸಾಪಿನಲ್ಲಿ ತಿರುಗುವ ಮಾತು ನಂಬಬೇಡಿ. ಅದರ ನಿಷೇಧ ಹಣ ಒಡ್ಡಿ ಹಣ ಗೆಲ್ಲುವ ಆಟಗಳ ಮೇಲೆ. ಆಡಲು ಸಬ್ ಅಥವಾ ಒಂದು ಸಲದ ಶುಲ್ಕ ಕೊಡುವುದನ್ನು, ಅದು ಪಣ ಅಲ್ಲದಿದ್ದರೆ, ಕಾಯ್ದೆ ಒಪ್ಪಿದೆ.

ನಿಮ್ಮ ಗೇಮ್ ಸಬ್ ಬಿಡುವ ದಿನಾಂಕ ಘೋಷಿಸಿದ್ದರೆ ಮಾಡಬೇಕಾದ್ದು ಇಷ್ಟು. ವರ್ಷದ ಸಬ್ ಈಗ ಹೊಸತಾಗಿ ಹಾಕಬೇಡಿ. ಉಳಿದ ತಿಂಗಳಿಗೆ ಕಾಯಿನ್ ಕೊಡ್ತಾರಾ ಅಂತ ಮೊದಲು ನೋಡಿ. ಸಬ್ ಇರುವಾಗಲೇ ಎಸ್ಕ್ರೋ, ಬ್ಯಾಂಕ್, ಹರಾಜುಕಟ್ಟೆ ಖಾಲಿ ಮಾಡಿ, ಮಿತಿಗಿಂತ ಹೆಚ್ಚಿನ ಆಟದ ದುಡ್ಡನ್ನು ಬೆಲೆ ಇಳಿಯದ ಸಾಮಾನಾಗಿ ಬದಲಿಸಿ. ಹೆಚ್ಚುವರಿ ಪಾತ್ರಗಳಿದ್ದರೆ ಯಾವುದಕ್ಕೆ ಬೀಗ ಬೀಳಬೇಕು ಅಂತ ನೀವೇ ಆರಿಸಿ. ಗಿಲ್ಡ್ ಲೀಡರ್ ಸಬ್ ನಿಲ್ಲಿಸುವವರಾದರೆ ಗಿಲ್ಡ್ ಬ್ಯಾಂಕಿನ ಅಧಿಕಾರವನ್ನು ಸಬ್ ಮುಂದುವರಿಸುವ ಒಬ್ಬರಿಗೆ ಮೊದಲೇ ವರ್ಗಾಯಿಸಿ, ಆಮೇಲೆ ಸಪೋರ್ಟಿಗೆ ಟಿಕೆಟ್ ಹಾಕಿ ಕಾಯುವುದು ಸಾವಿನ ಕೆಲಸ. ಅಕೌಂಟಿಗೆ ಅಥೆಂಟಿಕೇಟರ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ಬೀಗ) ಹಾಕಿ, ಯಾಕೆಂದರೆ ಬಿಟ್ಟುಹೋದ ಹಳೇ ಅಕೌಂಟ್‌ಗಳು ಪುನಃ ತೆರೆಯುವ ಈ ಸಮಯದಲ್ಲಿಯೇ ಸೋರಿದ ಪಾಸ್‌ವರ್ಡ್ ಹಿಡಿದು ಕದಿಯುವವರು ಬರುವುದು. ದೊಡ್ಡ ಗೇಮಾದರೆ ಡೌನ್‌ಲೋಡ್ 100 ಜಿಬಿ ಆದೀತು, ಬದಲಾವಣೆಯ ದಿನಕ್ಕೆ ಇಡಬೇಡಿ. ಜೂನ್ ಜುಲೈಯಾದರೆ ಎರಡು ರಾತ್ರಿ ಹೆಚ್ಚೇ ಹಿಡಿಯಿರಿ, ಒಂದು ಗುಡುಗಿಗೆ ಕರೆಂಟ್ ಹೋಗ್ತದೆ, ಬಂದ ಮೇಲೆ ರೂಟರ್ ಏಳಲಿಕ್ಕೇ ಹತ್ತು ನಿಮಿಷ.

ಹೊಸದಾಗಿ ಸೇರುವವರು ಮೊದಲ ಎರಡು ವಾರ ಅಂಗಡಿಯಲ್ಲಿ ಒಂದು ರೂಪಾಯಿಯೂ ಹಾಕಬೇಡಿ. ಕ್ವಿಕ್‌ಬಾರ್ ಪ್ರಕರಣದ ಹಾಗೆ ಮೊದಲು ಹಾಕಿದ ನಿರ್ಬಂಧ ಸಡಿಲ ಆಗುವುದು ಉಂಟು, ಇವತ್ತು ಕೊಂಡದ್ದು ಮುಂದಿನ ತಿಂಗಳು ಎಲ್ಲರಿಗೂ ಫ್ರೀ ಆದರೆ ದುಡ್ಡು ವಾಪಸ್ ಕೇಳಲು ಜನ ಇಲ್ಲ. ಮತ್ತೆ ಮಕ್ಕಳು ಆಡುವ ಮನೆಯಾದರೆ, ಸಬ್ ರದ್ದಾಯಿತು ಅಂತ ಬಿಟ್ಟುಬಿಡಬೇಡಿ: ಗೇಮ್ ಅಕೌಂಟಿನಲ್ಲಿ ಕಾರ್ಡ್ ನಂಬರ್ ಹಾಗೇ ಉಳಿದಿರ್ತದೆ, ಅಂಗಡಿ ಈಗ ಅದೇ ಕಾರ್ಡಿಗೆ ತೆರೆದುಕೊಂಡಿದೆ. ಮೊದಲು ಅಲ್ಲಿಂದ ಕಾರ್ಡ್ ತೆಗೆಯಿರಿ, ಆಮೇಲೆ ಬ್ಯಾಂಕಿನ ಆ್ಯಪ್‌ಗೆ ಹೋಗಿ ಮ್ಯಾಂಡೇಟ್ ಪಟ್ಟಿಯಿಂದಲೂ ಅಳಿಸಿ.