ಬೌಲ್ ಟಿಕೆಟ್ಟೂ ಗೇಟಿನ ಮುಂದಿನ ಒಟಿಪಿಯೂ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಋತುವಿನ ಕೊನೆಗೆ ನಡೆಯುವ ಪಂದ್ಯಗಳಿಗೆ ಬೌಲ್ ಅನ್ನುತ್ತಾರೆ. ಅದರ 100 ಡಾಲರಿನ ಟಿಕೆಟ್ಟಿಗೆ ‘ಸರ್ವೀಸ್ ಫೀ’ ಅಂತ ಇನ್ನೂ 25–30 ಡಾಲರ್ ಕೀಳುತ್ತಾರಲ್ಲ, ಆ ಸರ್ವೀಸ್ ಮಾಡಿದ ಪುಣ್ಯಾತ್ಮನನ್ನು ಒಮ್ಮೆ ತೋರಿಸಲಿ. ಸೀಟು ಹುಡುಕಿದ್ದು ನಾವು, ಕಾರ್ಡ್ ನಂಬರ್ ಒತ್ತಿದ್ದು ನಾವು. ಕಾಗದವಿಲ್ಲ, ಶಾಯಿಯಿಲ್ಲ, ಅಂಚೆಯವನಿಲ್ಲ. 2025ರ ಮೇ ತಿಂಗಳಿಂದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮ ಅಮೆರಿಕದಲ್ಲಿ ಬಂದಿದೆ, ನಿಜ. ಕೊನೇ ಪುಟದಲ್ಲಿ ಉರಿಯುತ್ತಿದ್ದ ಹೊಟ್ಟೆ ಈಗ ಮೊದಲನೇ ಪುಟದಲ್ಲೇ ಉರಿಯುತ್ತದೆ, ಅಷ್ಟೇ.

ಡಿಸೆಂಬರಿನ ಆರಂಭದ ಒಂದು ಭಾನುವಾರ ಯಾವ ಕಾಲೇಜು ತಂಡಕ್ಕೆ ಯಾವ ಬೌಲ್ ಅಂತ ಪ್ರಕಟವಾಗುತ್ತದೆ. ಮಕ್ಕಳು ಓಹಾಯೋ ಸ್ಟೇಟಿನಲ್ಲೋ ಟೆಕ್ಸಾಸಿನಲ್ಲೋ ಓದುತ್ತಿರುವ ಕನ್ನಡದ ಮನೆಗಳಲ್ಲಿ, ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ಅಪ್ಪನಿಗೂ ಅವತ್ತು ಜ್ವರ ಏರುತ್ತದೆ. ಆ ಜ್ವರದಲ್ಲಿ ಮಾತ್ರ ಟಿಕೆಟ್ ಕೊಳ್ಳಬೇಡಿ. ಬೆಲೆ ನೆತ್ತಿಗೇರಿರುವುದು ಆ ರಾತ್ರಿಯೇ.

ಮೊದಲು ಕಾಲೇಜಿನದೇ ಟಿಕೆಟ್ ಆಫೀಸು ನೋಡಿ. ಬೌಲ್ ನಡೆಸುವವರು ಎರಡೂ ತಂಡಗಳಿಗೆ ಇಷ್ಟಿಷ್ಟು ಅಂತ ಟಿಕೆಟ್ ಹಂಚಿರುತ್ತಾರೆ. ಮುಖಬೆಲೆಗೆ ಸಿಗುತ್ತದೆ, ನಮ್ಮ ಬಣ್ಣದ ಅಂಗಿಯವರ ನಡುವೆಯೇ ಕೂರಬಹುದು. ತೊಡಕೇನೆಂದರೆ ನೀವು ಹಾಕುವುದು ಬರೀ ಅರ್ಜಿ. ಬೇಡಿಕೆ ಹೆಚ್ಚಿದ್ದರೆ ಕ್ರೀಡಾ ನಿಧಿಗೆ ದೇಣಿಗೆ ಕೊಟ್ಟವರ ಪಾಯಿಂಟ್ ನೋಡಿ ಸೀಟು ಹಂಚುತ್ತಾರೆ. ದೇಣಿಗೆಯ ಪತ್ರಗಳನ್ನು ವರ್ಷವಿಡೀ ಕಸದ ಬುಟ್ಟಿಗೆ ಹಾಕಿದವರಿಗೆ ಆಕಾಶಕ್ಕೆ ಹತ್ತಿರದ ಮೂಲೆ.

ಸಣ್ಣ ಬೇಡಿಕೆಯ ಪಂದ್ಯದಲ್ಲಿ ಇದು ತಿರುಗುಮುರುಗು. 2011ರ ಫಿಯೆಸ್ಟಾ ಬೌಲಿಗೆ ಕನೆಕ್ಟಿಕಟ್ ವಿಶ್ವವಿದ್ಯಾಲಯ 17,500 ಟಿಕೆಟ್ಟುಗಳ ಹೊಣೆ ಹೊತ್ತುಕೊಂಡು, ಬಹುಪಾಲು ಮಾರಲಾಗದೆ ದೊಡ್ಡ ನಷ್ಟ ಮಾಡಿಕೊಂಡಿತು. ಅಭಿಮಾನಿಗಳಿಗೆ ಪ್ರೀತಿ ಕಡಿಮೆಯಾಗಿರಲಿಲ್ಲ, ಮರುಮಾರಾಟದ ತಾಣಗಳಲ್ಲಿ ಅದೇ ಪಂದ್ಯದ ಸೀಟು ತೀರಾ ಅಗ್ಗಕ್ಕೆ ಬಿದ್ದಿತ್ತು.

ಆ ತಾಣಗಳೆಂದರೆ ಸ್ಟಬ್‌ಹಬ್, ಸೀಟ್‌ಗೀಕ್, ವಿವಿಡ್ ಸೀಟ್ಸ್, ಟಿಕ್‌ಪಿಕ್. ಒಂದೇ ಸೆಕ್ಷನ್, ಒಂದೇ ಸಾಲು, ನಾಲ್ಕು ಕಡೆ ನಾಲ್ಕು ಬೆಲೆ ಇರುತ್ತದೆ. ಕೊನೆಗೆ ಕಾರ್ಡಿನಿಂದ ಹೋಗುವ ಮೊತ್ತವನ್ನೇ ಹೋಲಿಸಿ. ಟಿಕ್‌ಪಿಕ್‌ನವರು ಕೊಳ್ಳುವವರಿಗೆ ಬೇರೆ ಫೀ ಸೇರಿಸುವುದಿಲ್ಲ, ಹಾಗಂತ ಅವರದೇ ಯಾವಾಗಲೂ ಅಗ್ಗವೂ ಅಲ್ಲ. ಸಾಲಿನ ನಂಬರೇ ಇಲ್ಲದೆ ಬರೀ ‘ಝೋನ್’ ಅಂತ ಹಾಕಿದ್ದರೆ ಮುಟ್ಟಬೇಡಿ. ಮಾರುವವನ ಕೈಯಲ್ಲೇ ಇನ್ನೂ ಟಿಕೆಟ್ ಇಲ್ಲದಿರಬಹುದು. ‘ಈ ಸೀಟನ್ನು ಇನ್ನೂ 14 ಜನ ನೋಡುತ್ತಿದ್ದಾರೆ’ ಅಂತ ಕೆಂಪಕ್ಷರ ಮಿನುಗಿದರೆ, ನೋಡಲಿ ಬಿಡಿ. ಇನ್ನು ವಾಟ್ಸಾಪ್ ಗುಂಪಿನ ಯಾರದೋ ಗೆಳೆಯನ ಗೆಳೆಯನಿಗೆ ಝೆಲ್‌ನಲ್ಲಿ ದುಡ್ಡು ಕಳಿಸಿದರೆ, ಟಿಕೆಟ್ ಬರದಿದ್ದಾಗ ಆ ದುಡ್ಡಿಗೆ ಎಳ್ಳುನೀರು.

ಪ್ಲೇಆಫ್‌ಗೆ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸುತ್ತು) ಸೇರದ ಬೌಲುಗಳಿಗೆ ಪಂದ್ಯದ ಎರಡು ಮೂರು ದಿನ ಮೊದಲಿನವರೆಗೆ ಕಾದರೆ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಆಟಗಾರರೇ ಕೈಕೊಡುವುದುಂಟು. 2023ರ ಡಿಸೆಂಬರಿನ ಆರೆಂಜ್ ಬೌಲಿನಲ್ಲಿ, ಒಂದೂ ಸೋಲದೆ ಬಂದಿದ್ದ ಫ್ಲೋರಿಡಾ ಸ್ಟೇಟಿನ ಎಷ್ಟೋ ಪ್ರಮುಖರು ಹಿಂದೆ ಸರಿದು, ತಂಡ ಜಾರ್ಜಿಯಾಗೆ 63–3ರಿಂದ ಸೋತಿತು. ಪ್ರಕಟಣೆಯ ರಾತ್ರಿಯೇ ದುಬಾರಿ ಟಿಕೆಟ್ ಕೊಂಡವರ ಮುಖ ನೆನೆಸಿಕೊಳ್ಳಿ. ಆದರೆ ಊರಿನಿಂದ ಬಂದ ಅತ್ತೆ ಮಾವ ಸೇರಿ ನಾಲ್ಕು ಸೀಟು ಒಟ್ಟಿಗೇ ಬೇಕಿದ್ದರೆ ಈ ಜೂಜು ಬೇಡ. ಕೊನೆಗೆ ಉಳಿಯುವುದೆಲ್ಲ ಒಂಟಿ ಸೀಟು, ಜೋಡಿ ಸೀಟು.

ಇಷ್ಟೆಲ್ಲ ಜಾಣತನ ಮಾಡಿದವರೂ ಎಡವುವ ಜಾಗ ಗೇಟು. ಪ್ರತಿ ವರ್ಷ, ಪ್ರತಿ ಗೇಟಿನಲ್ಲೂ ಇವರೊಬ್ಬರು ಇದ್ದೇ ಇರುತ್ತಾರೆ: ಸ್ಕ್ರೀನ್‌ಶಾಟ್ ಮಹಾಶಯರು. ನಾಲ್ಕೂ ಟಿಕೆಟ್ಟಿನ ಚಿತ್ರ ತೆಗೆದು ಮನೆಮಂದಿಗೆಲ್ಲ ಕಳಿಸಿ, ಒಂದನ್ನು ಪ್ರಿಂಟ್ ಕೂಡ ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿರುತ್ತಾರೆ. ಬಾರ್‌ಕೋಡು ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಚಿತ್ರ ನಡೆಯುವುದಿಲ್ಲ ಅಂತ ಗೇಟಿನ ಹುಡುಗಿ ಹೇಳುತ್ತಾಳೆ. ಸರಿ, ಆ್ಯಪ್ ತೆಗೆಯುತ್ತಾರೆ. ಆ್ಯಪ್ ಲಾಗ್‌ಔಟ್ ಆಗಿರುತ್ತದೆ. ಪಾಸ್‌ವರ್ಡ್ ನೆನಪಿಲ್ಲ. ಒಟಿಪಿ ಕಳಿಸಲೇ ಅನ್ನುತ್ತದೆ, ಕಳಿಸು ಅನ್ನುತ್ತಾರೆ. ಅದು ಹೋಗುವುದು ಖಾತೆ ತೆರೆದ ಹೆಂಡತಿಯ ಫೋನಿಗೆ. ಆ ಫೋನು ಕಾರಿನಲ್ಲಿ ಚಾರ್ಜಿಗೆ ಇಟ್ಟಿದೆ. ರೋಸ್ ಬೌಲ್ ಆಗಿದ್ದರೆ ಕಾರು ಪಕ್ಕದ ಗಾಲ್ಫ್ ಮೈದಾನದ ಹುಲ್ಲಿನಲ್ಲಿ, ಸಾವಿರಾರು ಕಾರುಗಳ ನಡುವೆ. ಕಾರಿನ ಕೀ ಮಗನ ಜೇಬಿನಲ್ಲಿ. ಮಗ ವಿದ್ಯಾರ್ಥಿಗಳ ಗೇಟಿನಿಂದ ಆಗಲೇ ಒಳಗೆ ಹೋಗಿ ಕಿರುಚುತ್ತಿದ್ದಾನೆ, ಅವನಿಗೆ ಫೋನ್ ಕೇಳಿಸದು. ಮಾವನವರು ಮಾತ್ರ ನೆಮ್ಮದಿಯಾಗಿ, ‘ಟಿಕೆಟ್ ಇದೆಯಲ್ಲಪ್ಪ, ಪ್ರಿಂಟೇ ಇದೆ, ತೋರಿಸು’ ಅನ್ನುತ್ತಿರುತ್ತಾರೆ. ಹಿಂದೆ ನಿಂತ ನೂರು ಜನರ ಮುಖದಲ್ಲಿ ಆ ನೆಮ್ಮದಿ ಇರುವುದಿಲ್ಲ.

ಹಿಂದಿನ ರಾತ್ರಿ ವೈಫೈ ಇರುವಾಗಲೇ ಟಿಕೆಟ್ಟನ್ನು ಫೋನಿನ ವಾಲೆಟ್ಟಿಗೆ ಹಾಕಿಕೊಂಡರೆ ಇದ್ಯಾವುದೂ ಇಲ್ಲ. ಗೇಟಿನ ಬಳಿ ಸಾವಿರಾರು ಫೋನುಗಳ ನೂಕುನುಗ್ಗಲಿಗೆ ನೆಟ್‌ವರ್ಕ್ ಮಲಗಿಬಿಡುತ್ತದೆ. ಬೇರೆ ಬೇರೆಯಾಗಿ ಬರುವವರಿಗೆ ಟಿಕೆಟ್ ಟ್ರಾನ್ಸ್‌ಫರ್ ಮಾಡಿ. ಊರಿನ ಸಿಮ್ ಇಟ್ಟುಕೊಂಡ ಹಿರಿಯರಿಗೆ ಖಾತೆ ತೆರೆಸಲು ಹೋಗದೆ, ಅವರದನ್ನು ನಿಮ್ಮ ಫೋನಿನಲ್ಲೇ ಇಟ್ಟು ಜೊತೆಗೇ ಒಳಗೆ ಕರೆದೊಯ್ಯಿರಿ.

ಮಾವನವರದೂ ತಪ್ಪಲ್ಲ. ಬೌಲ್ ಟಿಕೆಟ್ ಅಂದರೆ ಒಂದು ಕಾಲಕ್ಕೆ ಎರಡೂ ತಂಡಗಳ ಹೆಸರು, ಇಸವಿ, ಬಣ್ಣದ ಚಿತ್ರವಿದ್ದ ದಪ್ಪ ಕಾಗದ. ಹರಿದ ಅರ್ಧವನ್ನು ಜನ ಚೌಕಟ್ಟು ಹಾಕಿಸಿ ಇಡುತ್ತಿದ್ದರು. ಮಕ್ಕಳು ಓದು ಮುಗಿಸಿ ಹೊರಟ ಮೇಲೆ ತೆಗೆದು ನೋಡಲು ಏನೋ ಒಂದು ಇರುತ್ತಿತ್ತು. ಬಾರ್‌ಕೋಡಿಗೆ ಯಾರು ಚೌಕಟ್ಟು ಹಾಕಿಸುತ್ತಾರೆ?

ಬ್ಯಾಗು ಪಾರದರ್ಶಕವಾಗಿರಬೇಕು. ಸಾಮಾನ್ಯ ಅಳತೆ 12×6×12 ಇಂಚು. ಅತ್ತೆಯವರ ವ್ಯಾನಿಟಿ ಬ್ಯಾಗು, ಅದರೊಳಗಿನ ಚಕ್ಕುಲಿ ಡಬ್ಬಿ ಎರಡೂ ಕಾರಿನಲ್ಲೇ ಇರಲಿ. ಪಾರ್ಕಿಂಗ್ ಪಾಸು ಬೇರೆ ಕೊಳ್ಳಬೇಕು, ಟಿಕೆಟ್ಟಿನ ಜೊತೆ ಬರುವುದಿಲ್ಲ. ಮಧ್ಯಾಹ್ನದ ರೋಸ್ ಬೌಲಿನಲ್ಲಿ ಪೂರ್ವದ ಕಡೆಯ ಸೀಟು ಅಗ್ಗಕ್ಕೆ ಕಂಡರೆ ಹಿಗ್ಗಬೇಡಿ, ಸೂರ್ಯ ಮುಳುಗುವವರೆಗೂ ಬಿಸಿಲು ಕಣ್ಣಿಗೇ ಹೊಡೆಯುತ್ತದೆ.

ಕಾಟನ್ ಬೌಲಿಗೆ ಹೊರಟವರು ಮ್ಯಾಪಿನಲ್ಲಿ ‘ಕಾಟನ್ ಬೌಲ್’ ಅಂತ ಒತ್ತಬೇಡಿ. ಅದು ಡಲ್ಲಾಸಿನ ಫೇರ್ ಪಾರ್ಕಿನ ಹಳೇ ಸ್ಟೇಡಿಯಮ್ಮಿಗೆ ಕರೆದೊಯ್ದು ನಿಲ್ಲಿಸುತ್ತದೆ. ಪಂದ್ಯ 2010ರಿಂದ ನಡೆಯುತ್ತಿರುವುದು ಸುಮಾರು 20 ಮೈಲಿ ಆಚೆ, ಆರ್ಲಿಂಗ್ಟನ್‌ನಲ್ಲಿ.