ಬೆಂಕಿ ಆರಿಸುವವರ ಕೈಯಲ್ಲಿ ಔಷಧದ ಪೆಟ್ಟಿಗೆಯೂ ಇರಲಿ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರವೂ ಸೇರಿರುವ, ನಾನಿರುವ ಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಎದೆನೋವು ಅಂತ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರೆ ಎಷ್ಟೋ ಸಲ ಮೊದಲು ಬಂದು ನಿಲ್ಲುವುದು ಫೈರ್ ಎಂಜಿನ್. ಊರಿಂದ ಬಂದ ಅಪ್ಪ ಅಮ್ಮಂದಿರು ಬೆಂಕಿ ಎಲ್ಲಿ ಬಿತ್ತು ಅಂತ ಗಾಬರಿಯಾಗುತ್ತಾರೆ. ಆದರೆ ಇಲ್ಲಿನ ಫೈರ್‌ಫೈಟರ್‌ಗಳು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ಮೂಲ ತರಬೇತಿಯನ್ನೂ ಪಡೆದಿರುತ್ತಾರೆ. ಬೆಂಕಿಯ ಕರೆಗಿಂತ ಕಾಯಿಲೆ, ಅಪಘಾತದ ಕರೆಗಳೇ ಅವರಿಗೆ ಎಷ್ಟೋ ಜಾಸ್ತಿ.

ಪಕ್ಕದ ಮನೆಯ ಅಜ್ಜಿ ಅಡುಗೆಮನೆಯಲ್ಲಿ ಕುಸಿದಾಗ ನಾನು ಅಲ್ಲೇ ಇದ್ದೆ. ಒಬ್ಬರು ಮಂಡಿಯೂರಿ ಕೂತು ಬಿಪಿ ನೋಡಿದರು. ಇನ್ನೊಬ್ಬರು ಬೆರಳಿಗೆ ಕ್ಲಿಪ್ ಹಾಕಿ, ಆಕ್ಸಿಜನ್ ಸಿಲಿಂಡರ್ ಹತ್ತಿರ ಎಳೆದುಕೊಂಡರು. ಮೂರನೆಯವರು ಅಜ್ಜಿಯ ಮಾತ್ರೆಗಳ ಹೆಸರನ್ನು ಒಂದೊಂದಾಗಿ ಬರೆದುಕೊಂಡರು. ಯಾರೂ ಕೂಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಪ್ಯಾರಾಮೆಡಿಕ್‌ಗಳ ಗಾಡಿ ಬಂತು; ಇಎಂಟಿಗಿಂತ ಹೆಚ್ಚಿನ ಚಿಕಿತ್ಸೆ ಕಲಿತವರು ಇವರು. ಅವರು ಅಲ್ಲೇ ಇಸಿಜಿ ತೆಗೆದು, ರಕ್ತನಾಳಕ್ಕೆ ಔಷಧ ಕೊಟ್ಟು, ಆಮೇಲೆ ಆಸ್ಪತ್ರೆಗೆ ಹೊರಟರು.

ಈ ಪದ್ಧತಿ ಸಿಯಾಟಲ್‌ನಲ್ಲಿ 1970ರಲ್ಲಿ ಶುರುವಾಯಿತು. ಹೃದ್ರೋಗ ತಜ್ಞ ಲಿಯೊನಾರ್ಡ್ ಕಾಬ್ ಮತ್ತು ಫೈರ್ ಚೀಫ್ ಗಾರ್ಡನ್ ವಿಕರಿ ಸೇರಿ ಫೈರ್‌ಫೈಟರ್‌ಗಳನ್ನೇ ಪ್ಯಾರಾಮೆಡಿಕ್‌ಗಳನ್ನಾಗಿ ತಯಾರು ಮಾಡಿದರು. 'ಮೆಡಿಕ್ ಒನ್' ಅಂತ ಅದರ ಹೆಸರು. ಇಂದಿಗೂ ಅವರ ತರಬೇತಿ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲೇ ನಡೆಯುತ್ತದೆ, 2,000 ಗಂಟೆಗೂ ಜಾಸ್ತಿ. ಹೃದಯ ನಿಂತವರು ಬದುಕುಳಿಯುವ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ಕಡೆಗಳಲ್ಲಿ ಕಿಂಗ್ ಕೌಂಟಿಯೂ ಒಂದು.

ಸಣ್ಣ ಊರುಗಳಿಗೆ ಇದೆಲ್ಲ ಒಬ್ಬೊಬ್ಬರಿಗೇ ನಿಭಾಯಿಸಲು ಆಗದು. ಅದಕ್ಕೇ 2004ರಲ್ಲಿ ಈ ರಾಜ್ಯ ಒಂದು ಕಾನೂನು ತಂದಿತು: ಅಕ್ಕಪಕ್ಕದ ಊರುಗಳು ಸೇರಿ ಒಂದೇ ಪ್ರಾದೇಶಿಕ ಅಗ್ನಿಶಾಮಕ ದಳ ಕಟ್ಟಿಕೊಳ್ಳಬಹುದು. ಕೆಂಟ್ ಸುತ್ತಮುತ್ತ 2010ರಲ್ಲಿ, ರೆಂಟನ್‌ನಲ್ಲಿ 2016ರಲ್ಲಿ ಹೀಗೇ ಆಯಿತು. ದಳ ಬೇಕೋ ಬೇಡವೋ, ಅದಕ್ಕೆ ತೆರಿಗೆ ಕಟ್ಟುತ್ತೀರೋ ಇಲ್ಲವೋ ಅಂತ ಜನರನ್ನೇ ಕೇಳುತ್ತಾರೆ. ಮತ ಹಾಕಿ ಒಪ್ಪಿದ ಜನಕ್ಕೆ ಆ ಠಾಣೆ ತಮ್ಮದು ಅನ್ನಿಸುತ್ತದೆ.

ಕೆಲಸ ಸಿಗುವುದು ಮಾತ್ರ ಸುಲಭ ಅಲ್ಲ. ಅಮೆರಿಕದ ಎಷ್ಟೋ ಕಡೆ ಇರುವ ಸಿಪ್ಯಾಟ್ ಎಂಬ ದೈಹಿಕ ಸಾಮರ್ಥ್ಯದ ಪರೀಕ್ಷೆಯನ್ನೇ ನೋಡಿ. ಮೈಮೇಲೆ 50 ಪೌಂಡಿನ, ಅಂದರೆ ಸುಮಾರು 23 ಕಿಲೋ ತೂಕದ ಜಾಕೆಟ್. ಮೆಟ್ಟಿಲು ಹತ್ತುವಾಗ ಅದರ ಮೇಲೆ ಇನ್ನೂ 25 ಪೌಂಡು. ಆಮೇಲೆ ಹೋಸ್ ಎಳೆಯಬೇಕು, ಏಣಿ ಎತ್ತಬೇಕು, ಕತ್ತಲ ಸುರಂಗದಲ್ಲಿ ತೆವಳಬೇಕು, ಆಳಿನಷ್ಟು ಭಾರದ ಬೊಂಬೆಯನ್ನು ಎಳೆದು ತರಬೇಕು. ಒಟ್ಟು ಎಂಟು ಕೆಲಸ, 10 ನಿಮಿಷ 20 ಸೆಕೆಂಡು. ಹೆಣ್ಣುಮಕ್ಕಳಿಗೂ ಇದೇ ಅಳತೆ. ಒಳಗೆ ಹೋದವರನ್ನು ನೋಡಿಕೊಳ್ಳುವ ರೀತಿಯೂ ಚೆನ್ನಾಗಿದೆ. ಈ ರಾಜ್ಯದಲ್ಲಿ 53ನೇ ವಯಸ್ಸಿಗೆ ಪೂರ್ತಿ ಪಿಂಚಣಿ ಪಡೆದು ನಿವೃತ್ತಿಯಾಗಬಹುದು. ಕಾನೂನು ಪಟ್ಟಿ ಮಾಡಿರುವ ಕೆಲವು ಕ್ಯಾನ್ಸರ್ ಬಂದರೆ, ಅದು ಕೆಲಸದಿಂದಲೇ ಬಂದದ್ದು ಅಂತ ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತಾರೆ. ಹೊಗೆ ಕುಡಿದವರು ಕಚೇರಿ ಕಚೇರಿ ಅಲೆದು ಸಾಕ್ಷಿ ಒದಗಿಸಬೇಕಿಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ.

ಇಲ್ಲಿ ಎಲ್ಲವೂ ಸರಿ ಅಂತ ಹೇಳುತ್ತಿಲ್ಲ. ಕಾಲು ಉಳುಕಿದರೂ ದೊಡ್ಡ ಎಂಜಿನ್ ಬರುವುದು ದುಬಾರಿ. 24 ಗಂಟೆಯ ಪಾಳಿ ನಿದ್ದೆಯನ್ನು ಹಾಳು ಮಾಡುತ್ತದೆ. ಅಷ್ಟೇನೂ ಗಂಭೀರವಲ್ಲದವರನ್ನು ಖಾಸಗಿ ಆಂಬುಲೆನ್ಸ್ ಕರೆದೊಯ್ದರೆ ಆಮೇಲೆ ಮನೆಗೆ ಬರುವ ಬಿಲ್ ನೋಡಿ ಎದೆ ಹೊಡೆದುಕೊಳ್ಳುತ್ತದೆ. ಆ ವಿಷಯದಲ್ಲಿ ನಮ್ಮ 108 ನಿಜಕ್ಕೂ ದೊಡ್ಡದು. 2008ರಲ್ಲಿ ಕರ್ನಾಟಕಕ್ಕೆ ಬಂದಾಗಿನಿಂದ ಬಡವರ ಹತ್ತಿರ ಒಂದು ರೂಪಾಯಿ ಕೇಳದೆ ಆಸ್ಪತ್ರೆ ಮುಟ್ಟಿಸುತ್ತಿದೆ.

ನನ್ನ ತಕರಾರು ಬೇರೆ. ನಮ್ಮಲ್ಲಿ ಅಗ್ನಿಶಾಮಕ ಗೃಹ ಇಲಾಖೆಯದು, 108 ಆರೋಗ್ಯ ಇಲಾಖೆಯದು. ಈಗ 112 ಅಂತ ಒಂದೇ ನಂಬರ್ ಬಂದಿದೆ, ಆದರೆ ಕೆಲಸ ಮಾಡುವ ಕೈಗಳು ಇನ್ನೂ ಬೇರೆ ಬೇರೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದಾಗ ಅವಶೇಷದಡಿಯಿಂದ ಜನರನ್ನು ಹೊರತೆಗೆದವರಲ್ಲಿ ನಮ್ಮ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು. ಬಾವಿಗೆ ಬಿದ್ದವರಿರಲಿ, ಲಾರಿಯಡಿ ಸಿಕ್ಕವರಿರಲಿ, ಮೊದಲು ಮುಟ್ಟುವುದು ಇವರೇ. ಆ ಹೊತ್ತಿನಲ್ಲಿ ರಕ್ತ ನಿಲ್ಲಿಸಲು, ಉಸಿರು ಉಳಿಸಲು ಬೇಕಾದ ಪೂರ್ತಿ ತರಬೇತಿ ಆ ಕೈಗಳಿಗೆ ಇರಬೇಕು ಅಲ್ವಾ? ಅತ್ತ 108ರ ಹುಡುಗ ಹುಡುಗಿಯರಿಗೆ ವಿದ್ಯೆ ಇದೆ, ಅನುಭವ ಇದೆ, ಸರ್ಕಾರಿ ನೌಕರಿಯ ಭದ್ರತೆ ಇಲ್ಲ. ಸಂಬಳ ತಡವಾಯಿತು ಅಂತ ಅವರು ಮುಷ್ಕರಕ್ಕೆ ಇಳಿದ ಸುದ್ದಿಯನ್ನು ಇಲ್ಲಿ ಕೂತು ಓದುವಾಗ ಹೊಟ್ಟೆ ಉರಿಯುತ್ತದೆ.

ಸಿಯಾಟಲ್‌ನದ್ದನ್ನು ಹಾಗೇ ತಂದು ಕೂರಿಸಬೇಕಿಲ್ಲ, ಎಲ್ಲರೂ ಪ್ಯಾರಾಮೆಡಿಕ್ ಆಗಬೇಕಿಲ್ಲ. ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ ಪಡೆಯುವ ಪ್ರತಿಯೊಬ್ಬರನ್ನೂ ಇಎಂಟಿ ಮಟ್ಟಕ್ಕೆ ತಂದರೆ ಸಾಕು. ಇಲ್ಲಿ ಆ ಕೋರ್ಸ್ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಜೊತೆಗೆ ಅಗ್ನಿಶಾಮಕ ನೇಮಕಾತಿಯಲ್ಲಿ 108ರ ಅನುಭವಿಗಳಿಗೆ ಒಂದಿಷ್ಟು ಹುದ್ದೆ ಮೀಸಲಿಡಲಿ. ಹೆಚ್ಚಿನ ತಾಲ್ಲೂಕು ಕೇಂದ್ರಗಳಲ್ಲಿ ಠಾಣೆ ಈಗಾಗಲೇ ಇದೆ, ರಾತ್ರಿ ಹಗಲು ಜನರೂ ಇದ್ದಾರೆ. ಹೊಸ ಕಟ್ಟಡ ಬೇಡ. ಎರಡು ಇಲಾಖೆಯ ಅಧಿಕಾರಿಗಳು ಒಂದು ಮೇಜಿನ ಮುಂದೆ ಕೂತು, ಮೊದಲು ಒಂದು ಜಿಲ್ಲೆಯಲ್ಲಿ ಮಾಡಿ ನೋಡಲಿ.